ಹಲ್ಲಿ ನುಗ್ಗದ ಡಬ್ಬಿ

2025ರ ಮಾರ್ಚ್ 13, ಗುರುವಾರ, ಸಂಜೆ 4 ಗಂಟೆ 10 ನಿಮಿಷ. ಮಳವಳ್ಳಿಯಿಂದ ಬಂದ ಮರಿತಾಯಮ್ಮ ಎಂಬ ಅರವತ್ತು ದಾಟಿದ ಹೆಂಗಸು ಠಾಣೆಯೊಳಗೆ ಕಾಲಿಟ್ಟವರೇ, ಕುರ್ಚಿ ತೋರಿಸಿದರೂ ಕೂರದೆ, "ನನ್ನಳಿಯ ನನ್ ಮಗ್ಳ ಕೊಂದವ್ನೆ. ಬರ್ಕಳಿ," ಎಂದರು.

ಹೆಡ್ ಕಾನ್‌ಸ್ಟೆಬಲ್ ಬೋರಯ್ಯ ನೀರು ಕೊಟ್ಟರು. ಲೋಟ ಮರಿತಾಯಮ್ಮನ ಕೈಯಲ್ಲೇ ಉಳಿಯಿತು. ಇನ್ಸ್‌ಪೆಕ್ಟರ್ ಶಶಿರೇಖಾ ತಮ್ಮ ಕೊಠಡಿಯಿಂದ ಎದ್ದು ಬಂದರು.

"ನೀವು ಕಣ್ಣಲ್ಲಿ ನೋಡಿದ್ರಾ?"

"ನೋಡ್ಬೇಕಾ? ರಾತ್ರಿ ಜಗಳ ಆಡವ್ರೆ, ಬೆಳಕರುದ್ರೆ ಸತ್ತವ್ಳೆ. ಕಲ್ ಮ್ಯಾಲೆ ಬೀಳಕೆ ನನ್ ಮಗ್ಳೇನು ಅಂಬೆಗಾಲಿನ ಕೂಸಾ?"

"ಜಗಳ ಯಾವುದಕ್ಕೆ?"

"ಅದೇನೋ ಕ್ಯಾಮ್ರ ಕಣವ್ವ. ಗ್ವಾಡೆಗೆ ಆಕ್ಸಿದ್ರಲ್ಲ, ಅದು. ಪೋನಲ್ಲಿ ಅಷ್ಟೇ ಏಳುದ್ಲು. ಮಿಕ್ಕಿದ್ದು ನಾಳೆ ಏಳ್ತೀನಿ ಅಂದ್ಲು."

ಆ ನಾಳೆಯೇ ಈ ಗುರುವಾರ. ಬೋರಯ್ಯ ದೂರು ಬರೆದುಕೊಂಡರು. ಮೃತಳು ಮಂಜುಶ್ರೀ, 33 ವರ್ಷ, ಮಳವಳ್ಳಿಯ ಖಾಸಗಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಗಂಡ ಶಿವರಾಜು, ಮನೆ ಮನೆಗೆ ಹೋಗಿ ಕರೆಂಟಿನ ಮೀಟರ್ ಓದಿ ಬಿಲ್ ಕೊಡುವವನು. ಮನೆ ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿ. ಆರು ವರ್ಷದ ಮಗಳು ತೇಜು, ಮರೆವಿನ ಕಾಯಿಲೆಯ ಅತ್ತೆ ಚಿಕ್ಕನಂಜಮ್ಮ, ಅಷ್ಟೇ ಸಂಸಾರ. ಆ ದಿನ ಮಧ್ಯಾಹ್ನ 1.25ಕ್ಕೆ ಊಟಕ್ಕೆ ಬಂದ ಶಿವರಾಜು, ಹಿತ್ತಿಲ ಒಗೆಯುವ ಕಲ್ಲಿನ ಬಳಿ ಹೆಂಡತಿ ಬಿದ್ದಿರುವುದನ್ನು ಕಂಡು ಮದ್ದೂರಿನ ಆಸ್ಪತ್ರೆಗೆ ಹೊತ್ತೊಯ್ದಿದ್ದ. ಮನೆಯಿಂದ ಹೊರಡುವ ಮುಂಚೆಯೇ ಜೀವ ಹೋಗಿತ್ತು ಎಂದರು ವೈದ್ಯರು. 4.45ಕ್ಕೆ ಕೊಲೆ ಪ್ರಕರಣದ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ಶಿವರಾಜುವಿನ ಹೆಸರು.

ಹೆಂಡತಿ ಸತ್ತರೆ ಮೊದಲು ಗಂಡನ ಕೊರಳಪಟ್ಟಿ ಹಿಡಿ ಎಂಬುದು ಪೊಲೀಸರಲ್ಲಿ ಬರೆಯದೆ ನಡೆದು ಬಂದ ಪಾಠ. ಬಹಳ ಸಲ ಅದು ಸರಿಯೂ ಆಗುತ್ತದೆ. ಆಗದ ಒಂದೆರಡು ಸಲಕ್ಕಾಗಿಯೇ ಪಂಚನಾಮೆ ಎಂಬ ತಲೆನೋವು ಇರುವುದು.

5.20ಕ್ಕೆ ಶಶಿರೇಖಾ, ಬೋರಯ್ಯ ಮತ್ತು ಕಾನ್‌ಸ್ಟೆಬಲ್ ಪರಸಪ್ಪ ಕೊಪ್ಪದ ಮನೆಗೆ ಬಂದರು. ಪರಸಪ್ಪ ಬಾಗಲಕೋಟೆ ಕಡೆಯ ಹುಡುಗ, ಬಂದು ಎರಡು ತಿಂಗಳಾಗಿತ್ತು. ಹಾಲಿನ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ತೇಜು ಬಣ್ಣ ಹಚ್ಚಿದ ನವಿಲು. ಹಾಲು ದಾಟಿದರೆ ಅಡುಗೆಮನೆ, ಅದರಾಚೆ ಹಿತ್ತಿಲ ಜಗಲಿ. ಜಗಲಿಯ ಮೂಲೆಯಲ್ಲಿ ಚಿಕ್ಕನಂಜಮ್ಮನ ಮಂಚ. ಅಲ್ಲಿಂದ ಹತ್ತು ಹೆಜ್ಜೆಗೆ ನೀರಿನ ತೊಟ್ಟಿ, ತೊಟ್ಟಿಯ ಮರೆಗೆ ಒಗೆಯುವ ಕಲ್ಲು. ಕಲ್ಲಿನ ಅಂಚಿನಲ್ಲಿ ರಕ್ತ ಕರಿದಾಗಿ ಒಣಗಿತ್ತು. ಮಂಚದ ಮೇಲೆ ಕೂತವರಿಗೆ ಕಲ್ಲು ಕಾಣುವುದಿಲ್ಲ. ಸೊಸೆ ಸಾಯುವಾಗ ಮುದುಕಿ ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದಳು ಎಂಬ ಮಾತನ್ನು ಪಂಚನಾಮೆಯಲ್ಲಿ ಬರೆಯುವುದು ಬೋರಯ್ಯನವರಿಗೆ ಕಷ್ಟವಾಯಿತು.

ಜಗಲಿಯ ಮೇಲೆ, ಗೋಡೆಯಲ್ಲಿ, ಕ್ಯಾಮೆರಾ. ಅದರ ಬುಡದಲ್ಲಿ ಅಂಗೈಯಗಲದ ಬೂದು ಬಣ್ಣದ ಡಬ್ಬಿ. ಕ್ಯಾಮೆರಾದ ಬಾಲದ ತಂತಿಗಳನ್ನು ಮನೆಯ ತಂತಿಗಳಿಗೆ ಜೋಡಿಸಿ, ಮಳೆ ಬಿಸಿಲು ತಾಗದಂತೆ ಅಡಗಿಸಿಡುವ ಜಂಕ್ಷನ್ ಬಾಕ್ಸ್. ಇಂಥದೇ ಇನ್ನೊಂದು ಜೋಡಿ ಮನೆಯ ಮುಂದುಗಡೆ. ಅತ್ತೆ ಹಿಂದಿನ ಗೇಟು ತೆಗೆದುಕೊಂಡು ಕಬ್ಬಿನ ಗದ್ದೆಗೆ ನುಗ್ಗಿ ಎರಡು ಸಲ ನಾಲೆಯ ಏರಿಯ ಮೇಲೆ ಸಿಕ್ಕಿದ ಮೇಲೆ, ಶಾಲೆಯಲ್ಲಿದ್ದೂ ಫೋನಿನಲ್ಲಿ ನೋಡುತ್ತಿರಬಹುದೆಂದು ಮಂಜುಶ್ರೀ ಹಾಕಿಸಿದ್ದಳು.

ಮುಂದಿನ ಕ್ಯಾಮೆರಾ ಸರಿಯಿತ್ತು. ಬೆಳಿಗ್ಗೆ 9.10ರಿಂದ 1.25ರವರೆಗೆ ಮುಂದಿನ ಗೇಟಿನಲ್ಲಿ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಹಿಂದಿನ ಕ್ಯಾಮೆರಾ 11.42ಕ್ಕೆ ನಿಂತದ್ದು ಮನೆಯ ವೈಫೈ ಪೆಟ್ಟಿಗೆಯಲ್ಲಿ ದಾಖಲಾಗಿತ್ತು. ಅದರೊಳಗಿನ ಮೆಮೊರಿ ಕಾರ್ಡ್ ಇರಲಿಲ್ಲ.

ದನದ ಕೊಟ್ಟಿಗೆಯಲ್ಲಿ ಒರಗಿಸಿದ್ದ ಏಣಿ ತಂದು ಬೋರಯ್ಯ ಮೇಲೆ ಹತ್ತಿದರು. ಡಬ್ಬಿಯ ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಒಂದೊಂದನ್ನೂ ಬಿಚ್ಚುವಷ್ಟರಲ್ಲಿ ಅವರಿಗೆ ಬೆವರು ಬಂತು.

"ಏನಿದೆ?"

"ಕರೆಂಟಿನ ಪಿನ್ ಎಳದಾಕವ್ರೆ ಮೇಡಂ. ಮಿಕ್ಕಿದ್ದು ಏನೂ ಇಲ್ಲ. ಒಳಗೆ ತೊಳುದ್ ಲೋಟದಂಗದೆ, ದೂಳೂ ಇಲ್ಲ."

"ಸ್ವಿಚ್ ಎಲ್ಲಿದೆ?"

"ಅಡಿಗೆಮನೇಲಿ. ಕೈಗೆ ಸಿಗಂಗದೆ."

ಶಶಿರೇಖಾ ಆ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿದರು. ಸ್ವಿಚ್ಚು ಕೈಗೆ ಸಿಗುವಲ್ಲಿರುವಾಗ ಏಣಿ ಹತ್ತಿ ಪಿನ್ ಎಳೆದವರು ಯಾರು? ಎಳೆದ ಮೇಲೆ ನಾಲ್ಕು ಸ್ಕ್ರೂ ಮತ್ತೆ ಬಿಗಿದು, ಏಣಿಯನ್ನು ಕೊಟ್ಟಿಗೆಗೆ ವಾಪಸ್ ಇಟ್ಟವರು ಯಾರು? ಕೊಲೆ ಮಾಡಿದವನಿಗೆ ಇಷ್ಟು ಶಿಸ್ತು ಇರುತ್ತದೆಯೇ?

ಅಷ್ಟರಲ್ಲಿ ಪರಸಪ್ಪ ಚಿಕ್ಕನಂಜಮ್ಮನ ಹೇಳಿಕೆ ಬರೆದು ಮುಗಿಸಿದ್ದ. ಅರ್ಧ ಪುಟವೂ ಇರಲಿಲ್ಲ. "ಏನೂ ತಿಳೀಲಿಲ್ರಿ ಮೇಡಂ. ಅಜ್ಜಿ ಹೇಳಿದ್ದನ್ನೇ ಹೇಳ್ತಾರ್ರಿ," ಎಂದ.

ಸಂಜೆ 6 ಗಂಟೆಗೆ ಠಾಣೆಯಲ್ಲಿ ಶಿವರಾಜುವಿನ ವಿಚಾರಣೆ. ಅಂಗಿಯ ಮೇಲೆ ರಕ್ತ ಹಾಗೇ ಇತ್ತು.

"ಜಗಳ ಯಾಕಾಯ್ತು?"

"ಕ್ಯಾಮ್ರ ಕಿತ್ತಾಕ್ಸಿ ಅಂದ್ಲು. ಆಕ್ಸಿ ಮೂರು ತಿಂಗ್ಳಾಗಿಲ್ಲ, ಯಾಕೆ ಅಂದೆ. ಏಳ್ನಿಲ್ಲ. ನಾಳೆ ರಜಾ ಆಕಿದ್ದೀನಿ, ನಾನೇ ಸರಿ ಮಾಡ್ಕತೀನಿ ಅಂದ್ಲು."

"ಯಾಕೆ ಹೇಳಲಿಲ್ಲ?"

"ನಂಗೆ ಕೋಪ ಜಾಸ್ತಿ ಮೇಡಂ. ಏಳುದ್ರೆ ಯಾರಿಗಾದ್ರೂ ಒಡೀತೀನಿ ಅಂತ ಅವ್ಳಿಗೆ ಭಯ."

"ನಿನ್ನ ಬಿಲ್ ಮಿಷನ್ನಿನಲ್ಲಿ 11.06ಕ್ಕೆ ಒಂದು ಬಿಲ್ಲಿದೆ. ಆಮೇಲೆ 12.31ಕ್ಕೆ. ನಡುವೆ ಎಲ್ಲಿದ್ದೆ?"

"ಬಿಸ್ಲು ಅಂತ ಅಳ್ಳಿಮರದ ಕೆಳ್ಗೆ ಮಲ್ಗಿದ್ದೆ."

"ನೋಡಿದವರು?"

ಶಿವರಾಜು ಇಲ್ಲವೆಂದು ತಲೆಯಾಡಿಸಿದ. ಅರಳಿಮರ ಸಾಕ್ಷಿ ಹೇಳುವುದಿಲ್ಲ.

6.40ಕ್ಕೆ ಕ್ಯಾಮೆರಾ ಕೂರಿಸಿದ ಮಹದೇವುವನ್ನು ಕರೆಸಿದರು. ನಲವತ್ತಾರರ ಆಸುಪಾಸು, ಮದ್ದೂರಿನಲ್ಲಿ ಅಂಗಡಿ, ಮಳವಳ್ಳಿಯಲ್ಲಿ ಮನೆ. ತೊಳೆದ ಅಂಗಿ, ಮೆತ್ತಗಿನ ಮಾತು. ಕ್ಯಾಮೆರಾ ಹೇಗೆ ನಿಂತಿರಬಹುದು ಎಂದರೆ, "ಮನೆಯೋರೇ ಸ್ವಿಚ್ ಆಪ್ ಮಾಡಿರ್ತಾರೆ ಮೇಡಂ. ನಾನಂತೂ ಇವತ್ತೆಲ್ಲ ಮಳವಳ್ಳಿ ಬುಟ್ಟು ಬಂದಿಲ್ಲ," ಎಂದ.

ನೀನೆಲ್ಲಿದ್ದೆ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಆದರೆ ಆ ಹೊತ್ತಿಗೆ ಠಾಣೆಯ ಮುಂದೆ ಮಂಜುಶ್ರೀಯ ಕಡೆಯ ಐವತ್ತು ಜನ ಸೇರಿದ್ದರು, ಒಳಗೆ ಮೇಲಧಿಕಾರಿಯ ಫೋನು ಬಡಿದುಕೊಳ್ಳುತ್ತಿತ್ತು. ಆ ಗದ್ದಲದಲ್ಲಿ ಹೆಗಲು ಮುಟ್ಟಿದ ಕೈ ಯಾರ ಕಣ್ಣಿಗೂ ಬೀಳಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಆತುರ ಎಲ್ಲರಿಗೂ. 7 ಗಂಟೆಗೆ ಶಿವರಾಜುವಿನ ದಸ್ತಗಿರಿಯಾಯಿತು. ಇಪ್ಪತ್ತನಾಲ್ಕು ಗಂಟೆಯೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ನಿಲ್ಲಿಸಿದರೆ ಜೈಲು. ತೇಜುವನ್ನು ಮರಿತಾಯಮ್ಮ ಮಳವಳ್ಳಿಗೆ ಕರೆದುಕೊಂಡು ಹೋದರು. ಚಿಕ್ಕನಂಜಮ್ಮನ ಬಳಿ ಪಕ್ಕದ ಮನೆಯವರು ಉಳಿದರು.

ಲಾಕಪ್ಪಿನಿಂದ ಶಿವರಾಜು ಒಂದೇ ಮಾತು ಕೇಳಿದ. "ನಮ್ಮವ್ವಂಗೆ ಮುದ್ದೆ ಮುರ್ದು ಬಾಯಿಗಿಡ್ಬೇಕು ಮೇಡಂ. ಇಲ್ದಿದ್ರೆ ಉಣ್ಣಲ್ಲ. ಅವ್ರಿಗೆ ಯಾರಾದ್ರೂ ಏಳ್ತೀರಾ?"

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ 8.30ಕ್ಕೆ ಶಶಿರೇಖಾ ಕಡತ ಬಿಡಿಸಿ ಕೂತರು. ಸಂಜೆ ಏಳರೊಳಗೆ ಈ ಕಡತ ಒಬ್ಬನನ್ನು ಒಳಗೆ ತಳ್ಳಬೇಕು, ಇಲ್ಲವೇ ಬಿಡಬೇಕು. ಮರಣೋತ್ತರ ಪರೀಕ್ಷೆಯ ವೈದ್ಯರು ಫೋನಿನಲ್ಲಿ ಮುಖ್ಯ ವಿಷಯ ಹೇಳಿದ್ದರು. ತೋಳಿನ ಮೇಲೆ ಯಾರೋ ಬಿಗಿಯಾಗಿ ಹಿಡಿದ ಬೆರಳಿನ ಗುರುತು, ತಲೆಯ ಹಿಂಭಾಗಕ್ಕೆ ಕಲ್ಲಿನ ಪೆಟ್ಟು. ಪೆಟ್ಟು ಬಿದ್ದ ಮೇಲೆ ಅರ್ಧ ಗಂಟೆಗೂ ಹೆಚ್ಚು ಉಸಿರಾಡಿದ್ದಾಳೆ. ಬೇಗ ತಂದಿದ್ದರೆ ಉಳಿಯುತ್ತಿದ್ದಳೋ ಏನೋ.

ಮುಂದಿನ ಹಾಳೆ ಚಿಕ್ಕನಂಜಮ್ಮನ ಹೇಳಿಕೆ. ಪರಸಪ್ಪನ ಅಕ್ಷರ ಮುದ್ದಾಗಿತ್ತು. "ವೃದ್ಧೆಯು ಮರೆವಿನ ಕಾಯಿಲೆಯವರಾಗಿದ್ದು, ಗಂಡಸರನ್ನು ಬಹುಮಟ್ಟಿಗೆ ತೀರಿಹೋದ ತಮ್ಮನ ಹೆಸರಾದ ದೊಡ್ಡಸಿದ್ದ ಎಂದೇ ಕರೆಯುತ್ತಾರೆ. ಡಬ್ಬಿಯೊಳಗೆ ಅಲ್ಲಿ ಬಿದ್ದದೆ, ಅಲ್ಲಿ ಬಿದ್ದದೆ ಅಂದ, ಎಂದು ಪದೇ ಪದೇ ನುಡಿಯುತ್ತಾ ಗೋಡೆಯತ್ತ ಕೈ ತೋರುತ್ತಾರೆ. ಎಲ್ಲಿ ಎಂದು ಕೇಳಿದರೆ ಸಿಟ್ಟಾಗುತ್ತಾರೆ. ಹೇಳಿಕೆಯು ತನಿಖೆಗೆ ಉಪಯುಕ್ತವಲ್ಲ."

ಶಶಿರೇಖಾ ಕಣ್ಣಲ್ಲಿ ಓದಿದರು. ಏನೂ ಹೊಳೆಯಲಿಲ್ಲ. ಆಮೇಲೆ ಬಾಯಿ ಬಿಟ್ಟು ಓದಿದರು. ಓದಿದ್ದು ತಮ್ಮದೇ ಅಜ್ಜಿಯ ದನಿಯಂತೆ ಕೇಳಿಸಿತು. ಅವರು ಹುಟ್ಟಿ ಬೆಳೆದದ್ದು ಕೊತ್ತತ್ತಿಯಲ್ಲಿ. ಆ ಊರಲ್ಲಿ ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ.

"ಪರಸಪ್ಪ, ನಿಮ್ಮ ಕಡೆ ಗೋಡೆ ಮೇಲೆ ಓಡಾಡೋ ಹಲ್ಲಿಗೆ ಏನಂತಾರೆ?"

"ಹಲ್ಲೀನ ಅಂತೀವ್ರಿ ಮೇಡಂ."

"ಇಲ್ಲಿನವರು ಹ ಅನ್ನೋದನ್ನ ನುಂಗಿಬಿಡ್ತಾರೆ ಕಣಪ್ಪ. ನೀನು ಬರೆದಿರೋದು ಅಲ್ಲಿ ಅಲ್ಲ, ಹಲ್ಲಿ."

ಪರಸಪ್ಪ ಹಾಳೆಯನ್ನು ಎಳೆದುಕೊಂಡು ತಾನೇ ಮತ್ತೊಮ್ಮೆ ಓದಿದ. 9.40ಕ್ಕೆ ಶಶಿರೇಖಾ ಮತ್ತೆ ಕೊಪ್ಪದ ಜಗಲಿಯಲ್ಲಿ, ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು.

"ಯಾರವ್ವ ನೀನು? ಯಾವೂರು?" ಎಂದರು ಚಿಕ್ಕನಂಜಮ್ಮ.

"ಕೊತ್ತತ್ತಿ ಕಣಜ್ಜಿ. ನೆನ್ನೆ ಏಣಿ ಹತ್ತಿದ್ದೋನು ಏನಂದ?"

"ದೊಡ್ಡಸಿದ್ದ. ಏನ್ಲಾ ಮಾಡ್ತಿದ್ದೀಯೆ ಅಂದೆ. ಡಬ್ಬೀಲಿ ಅಲ್ಲಿ ಬಿದ್ದದೆ ಕಣಜ್ಜಿ, ಅದ್ಕೆ ನಿಂತೋಗದೆ ಅಂದ."

"ಅಲ್ಲಿ ಅಂದ್ರೆ?"

ಮುದುಕಿಗೆ ರೇಗಿಹೋಯಿತು. "ನೀನೂ ಅಂಗೆ ಕೇಳ್ತೀಯಲ್ಲ! ಗ್ವಾಡೆ ಮ್ಯಾಲೆ ಅರಿದಾಡ್ತದಲ್ಲ, ಲೊಚ್ ಲೊಚ್ ಅಂತದಲ್ಲ, ಬಾಲ ಕಳ್ಕಂಡ್ರೂ ಬದುಕ್ತದಲ್ಲ, ಅದು. ನಿಮ್ಮೂರಲ್ಲಿ ಅಲ್ಲಿ ಇಲ್ವಾ?"

"ಅವೆ ಕಣಜ್ಜಿ, ಬೇಕಾದಷ್ಟವೆ. ಸ್ವಂತ ತಮ್ಮ ನಿಮ್ಮನ್ನ ಅಜ್ಜಿ ಅಂತ ಕರೀತಾನಾ?"

ಚಿಕ್ಕನಂಜಮ್ಮ ಯೋಚಿಸಿದರು. "ಇಲ್ಲ," ಎಂದರು. ಆಮೇಲೆ, "ಮಂಜಿ ಬಟ್ಟೆ ಒಗಿಯಕೋದೋಳು ಇನ್ನೂ ಬರ್ನಿಲ್ಲ," ಎಂದರು.

ಶಿವರಾಜು ತಾಯಿಯನ್ನು ಅಜ್ಜಿ ಎನ್ನುವುದಿಲ್ಲ. ಡಬ್ಬಿಯೊಳಗೆ ಹಲ್ಲಿಯೂ ಇರಲಿಲ್ಲ. ಹಾಗಾದರೆ ಹೊರಗಿನವನೊಬ್ಬ ಏಣಿಯ ಮೇಲೆ ನಿಂತು ಹಲ್ಲಿಯ ಸುಳ್ಳನ್ನು ಯಾಕೆ ಹೇಳಿದ? ಅದನ್ನು ತಿಳಿಯಲು ಶಶಿರೇಖಾ ಬಿಚ್ಚಿ ತಂದ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಮಂಡ್ಯಕ್ಕೆ ಹೊರಟರು. ಮುಚ್ಚಳದ ಒಳಗೆ ಅಂಟಿಸಿದ್ದ ಚೀಟಿಯಲ್ಲಿ ಗುತ್ತಲು ರಸ್ತೆಯ ಒಂದು ಅಂಗಡಿಯ ಮುದ್ರೆ ಇತ್ತು.

11.15. ಅಂಗಡಿಯ ಮರಿಸಿದ್ದಯ್ಯ ಡಬ್ಬಿ ನೋಡಿದ ಕೂಡಲೇ, "ಮೇಷ್ಟ್ರಮ್ಮಂದು," ಎಂದರು. ಸತ್ತ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಗೊತ್ತಾದಾಗ ಎರಡೂ ಕೈಯಲ್ಲಿ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟರು. ಆಮೇಲೆ ಮೇಜಿನ ಮೇಲೆ ಅದರ ಪಕ್ಕದಲ್ಲಿ ಇನ್ನೆರಡು ಇಟ್ಟರು.

ಒಂದು ಬಿಳಿ ಪ್ಲಾಸ್ಟಿಕ್ಕಿನ ಚೌಕ, ಸುತ್ತ ನಾಲ್ಕು ಕಡೆ ತೂತು, ಒತ್ತಿದರೆ ಕೂರುವ ಮುಚ್ಚಳ. ಊರಲ್ಲಿ ಎಲ್ಲರ ಮನೆಗೂ ಅದೇ. ಇನ್ನೊಂದು ದುಂಡನೆಯದು, ಕ್ಯಾಮೆರಾದ ಬುಡಕ್ಕೆ ಅಚ್ಚುಕಟ್ಟಾಗಿ ಕೂರುತ್ತದೆ, ನೋಡಲು ಚೆಂದ, ಆದರೆ ಗೋಡೆಯ ಕಡೆ ಬಾಯಿ ತೆರೆದೇ ಇರುತ್ತದೆ. ಮೂರನೆಯದು ಮಂಜುಶ್ರೀ ಆರಿಸಿದ್ದು. ಆಳವಾದ ಡಬ್ಬಿ, ಮುಚ್ಚಳಕ್ಕೆ ರಬ್ಬರಿನ ಸುತ್ತು, ನಾಲ್ಕು ಸ್ಕ್ರೂ. ತಂತಿ ಒಳಹೋಗುವ ತೂತು ಕೆಳಗಡೆ, ಅದಕ್ಕೂ ತಂತಿಯನ್ನು ಕಚ್ಚಿ ಹಿಡಿಯುವ ತಿರುಪು.

"ಮುಕ್ಕಾಲು ಗಂಟೆ ನಿಂತಿದ್ರು ಮೇಡಂ. ಅವರ ಇಸ್ಕೂಲಲ್ಲಿ ವಾರಕ್ಕೊಂದು ಸಲ ಡಬ್ಬಿಗೆ ಹಲ್ಲಿ ನುಗ್ಗಿ ಕ್ಯಾಮೆರಾ ನಿಂತೋಗ್ತಿತ್ತಂತೆ. 'ಹಲ್ಲಿ ನುಗ್ಗದಂಥದ್ದು ಕೊಡಿ' ಅಂದ್ರು. ಇದು ಮೂರು ಪಟ್ಟು ಜಾಸ್ತಿಯಾಗ್ತದೆ, ಆದ್ರೆ ಇರುವೆನೂ ನುಗ್ಗಲ್ಲ ಅಂದೆ."

"ಗಂಡ ಜೊತೆಯಲ್ಲಿದ್ನಾ?"

"ಇದ್ರು. 'ಒಂದ್ ಹಲ್ಲಿ ತಡೆಯೋಕೆ ಇಷ್ಟು ಭದ್ರನಾ? ನಂಗೂ ಇಂಥದೇ ಒಂದು ಮನೆ ಕಟ್ಸು' ಅಂತ ನಗಿಸ್ತಿದ್ರು. ಆಯಮ್ಮ ಬಾಯಿಗೆ ಸೆರಗು ಇಟ್ಕೊಂಡು ನಕ್ರು."

"ಕ್ಯಾಮೆರಾ ಕೆಟ್ಟರೆ ಹಲ್ಲಿ ಬಿದ್ದಿದೆ ಅಂತ ಯಾರು ಹೇಳ್ತಾರೆ?"

"ಫಿಟ್ಟಿಂಗ್‌ನೋರೆಲ್ಲ ಅದನ್ನೇ ಹೇಳೋದು. ವೈರ್ ಸುಟ್ರೂ ಹಲ್ಲಿ, ನೀರು ಹೋದ್ರೂ ಹಲ್ಲಿ. ನೂರಕ್ಕೆ ತೊಂಬತ್ತು ಸಲ ನಿಜಾನೂ ಹೌದು. ಹಲ್ಲಿ ಅಂದ್ರೆ ಯಾರೂ ಮುಂದಕ್ಕೆ ಕೇಳಲ್ಲ. ಬಾಯಿ ತಾನೇ ಅಂದ್ಬಿಡ್ತದೆ."

ಶಿವರಾಜು ಹಾಗೆ ಅನ್ನುವವನಲ್ಲ. ಈ ಡಬ್ಬಿಗೆ ಹಲ್ಲಿ ನುಗ್ಗುವುದಿಲ್ಲ ಎಂದು ಅಂಗಡಿಯಲ್ಲೇ ನಿಂತು ಕೇಳಿಸಿಕೊಂಡವನು. ಅದನ್ನು ಕೂರಿಸಿದ ಮಹದೇವುವಿಗೂ ಗೊತ್ತಿತ್ತು, ಆದರೆ ಅವನ ಬಾಯಿಗೆ ಗೊತ್ತಿರಲಿಲ್ಲ. ಅದು ವರ್ಷಗಟ್ಟಲೆ ಏಣಿಯ ಮೇಲೆ ನಿಂತು ಅದೇ ಉತ್ತರ ಕೊಟ್ಟು ಪಳಗಿದ ಬಾಯಿ.

ಶಶಿರೇಖಾ ಅಲ್ಲಿಂದಲೇ ಮಂಡ್ಯದ ಸೈಬರ್ ವಿಭಾಗಕ್ಕೆ ಎರಡು ವಿಷಯ ಕೇಳಿದರು. ಗುರುವಾರ ಮಹದೇವುವಿನ ಫೋನ್ ಎಲ್ಲಿತ್ತು, ಮತ್ತು ಮಂಜುಶ್ರೀಯ ಕ್ಯಾಮೆರಾವನ್ನು ಯಾವ ಯಾವ ಫೋನಿನಿಂದ ನೋಡಲಾಗುತ್ತಿತ್ತು. ಉತ್ತರ ಬರುವಷ್ಟರಲ್ಲಿ ಜೀಪು ಮಳವಳ್ಳಿ ಸೇರಿತ್ತು.

ಮಧ್ಯಾಹ್ನ 1.50. ಮರಿತಾಯಮ್ಮನ ಮನೆಯಲ್ಲಿ ತೇಜು ಗೋಡೆಗೆ ಒರಗಿ ಕೂತಿದ್ದಳು. ಮುಂದಿದ್ದ ತಟ್ಟೆಯ ಅನ್ನ ಆರಿಹೋಗಿತ್ತು.

"ತೇಜು, ಕ್ಯಾಮೆರಾ ಹಾಕಿದ ಮಾಮ ಗೊತ್ತಾ?"

"ಡಬ್ಬಿ ಮಾಮ."

"ಅಮ್ಮಂಗೆ ಅವರ ಮೇಲೆ ಕೋಪ ಇತ್ತಾ?"

"ಮೊನ್ನೆ ಮದ್ದೂರಲ್ಲಿ ಸಿಕ್ಕಿದ್ರು. ನೆನ್ನೆ ಬಸ್ಸಾರು ಚೆನ್ನಾಗಿತ್ತಾ ಪುಟ್ಟಿ, ಅಜ್ಜಿ ಎರಡು ಮುದ್ದೆ ಉಂಡ್ರಲ್ಲ ಅಂದ್ರು. ಅಮ್ಮ ಅಲ್ಲೇ ನಿಂತ್ಕಬುಟ್ಲು. ಆಮೇಲೆ ನನ್ ಕೈ ಗಟ್ಟಿಯಾಗಿ ಇಡ್ಕಂಡು ಬಸ್ಸಿಗೆ ಬಂದ್ಲು."

"ಅವರಿಗೆ ಹೇಗೆ ಗೊತ್ತಾಯ್ತಂತೆ?"

"ಅಮ್ಮಾನೂ ಅದ್ನೇ ಅಂದ್ಲು. ಯಾರ್ಗೂ ಏಳ್ಬೇಡ ಅಂದ್ಲು." ಮಗು ಮುಖ ಎತ್ತಿತು. "ಈಗ ಏಳ್ಬೌದಾ?"

ಬಾಗಿಲಲ್ಲಿ ನಿಂತಿದ್ದ ಮರಿತಾಯಮ್ಮ ಅಲ್ಲೇ ಕುಸಿದು ಕೂತರು. "ಅಂಗಾರೆ ಸಿವರಾಜು?" ಎಂದರು. ಶಶಿರೇಖಾ ಅವರ ಭುಜ ಮುಟ್ಟಿ ಹೊರಗೆ ಬಂದರು. ಅವರಿಗೆ ಉತ್ತರ ಕೊಡುವ ಹೊತ್ತು ಇನ್ನೂ ಬಂದಿರಲಿಲ್ಲ.

2.35ಕ್ಕೆ ಸೈಬರ್ ವಿಭಾಗದಿಂದ ಕರೆ. ಗುರುವಾರ 11.05ರಿಂದ 12.15ರವರೆಗೆ ಮಹದೇವುವಿನ ಫೋನ್ ಕೊಪ್ಪದ ಟವರಿನಲ್ಲಿತ್ತು. ಮಂಜುಶ್ರೀಯ ಕ್ಯಾಮೆರಾವನ್ನು ಹಾಕಿಸಿದ ದಿನದಿಂದಲೂ ಎರಡು ಫೋನುಗಳು ನೋಡುತ್ತಿದ್ದವು. ಒಂದು ಅವಳದು. ಇನ್ನೊಂದು ಮಹದೇವುವಿನದು. ಬುಧವಾರ ರಾತ್ರಿ ಆ ಎರಡನೆಯ ಹೆಸರನ್ನು ಅವಳೇ ಪಟ್ಟಿಯಲ್ಲಿ ಹುಡುಕಿ ತೆರೆದು ನೋಡಿದ್ದಳು. ಗುರುವಾರ 9.30ಕ್ಕೆ ಅವಳ ಫೋನಿನಿಂದ ಅವನಿಗೆ ಒಂದು ಕರೆ ಹೋಗಿತ್ತು.

3.50ಕ್ಕೆ ಪಂಚರೊಂದಿಗೆ ಮಹದೇವುವಿನ ಮನೆಯ ಬಾಗಿಲು ಬಡಿದರು. ಅವನೇ ತೆಗೆದ. ಓಡಲಿಲ್ಲ. ಒಳಗೆ ಒಂದೇ ಕೋಣೆ, ಗೋಡೆಯಲ್ಲಿ ದೊಡ್ಡ ಟಿವಿ. ಟಿವಿಯಲ್ಲಿ ಹನ್ನೆರಡು ಚೌಕ, ಹನ್ನೆರಡು ಕಡೆಯ ಜಗಲಿ, ಹಿತ್ತಿಲು, ಪಡಸಾಲೆ. ಒಂದು ಚೌಕದಲ್ಲಿ ಹೆಂಗಸೊಬ್ಬಳು ಸೊಪ್ಪು ಸೋಸುತ್ತಿದ್ದಳು. ಒಂದು ಚೌಕ ಮಾತ್ರ ಕಪ್ಪಾಗಿತ್ತು. ಟಿವಿಯ ಎದುರಿಗೆ ನೆಲದ ಮೇಲೆ ಒಂದು ಮಣೆ, ಮಣೆಯ ಮುಂದೆ ತೊಳೆದು ಬೋರಲು ಹಾಕಿದ ತಟ್ಟೆ.

ಬೋರಯ್ಯನವರ ಭಾವ ಮೈದುನನ ಮನೆಗೂ ಇವನೇ ಕ್ಯಾಮೆರಾ ಹಾಕಿದ್ದ. "ಬೇಲೀನೇ ಎದ್ದು ಒಲ ಮೇಯ್ತಲ್ಲ ಮೇಡಂ," ಎಂದರು. ಕೈ ಎತ್ತಿಯೇಬಿಟ್ಟಿದ್ದರು. ಶಶಿರೇಖಾ ತಡೆದರು.

ಮೆಮೊರಿ ಕಾರ್ಡ್ ಸಿಕ್ಕಿದ್ದು ಗೋಡೆಯ ಗೂಡಿನಲ್ಲಿ, ಹಾರ ಹಾಕಿದ ಅವನ ಹೆಂಡತಿಯ ಫೋಟೋದ ಹಿಂದೆ. ಪೊಲೀಸರ ಎದುರಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಕಾರ್ಡ್ ನಿಲ್ಲುತ್ತದೆ. ಹಿತ್ತಿಲ ಗೇಟು, ಮಾತು, ಫೋನ್ ಎತ್ತಿದ ಮಂಜುಶ್ರೀ, ಅವಳ ತೋಳು ಹಿಡಿದ ಕೈ, ಎಲ್ಲವೂ ಅದರಲ್ಲಿತ್ತು. ಕೊನೆಗೆ ಚಿತ್ರದ ತುಂಬ ಮಹದೇವುವಿನ ಮುಖ, ಬಾಯಲ್ಲಿ ಕಚ್ಚಿದ ಸ್ಕ್ರೂಡ್ರೈವರ್. 11.42. 4.20ಕ್ಕೆ ದಸ್ತಗಿರಿ ಮಾಡಿದರು.

ಠಾಣೆಯಲ್ಲಿ 5.15ಕ್ಕೆ ವಿಚಾರಣೆ ಶುರುವಾಯಿತು.

"ಯಾಕೆ ನೋಡ್ತಿದ್ದೆ?"

"ಕೆಟ್ಟದ್ದೇನೂ ನೋಡಿಲ್ಲ ಮೇಡಂ. ಊಟ ನೋಡ್ತಿದ್ದೆ."

"ಏನು?"

"ನಮ್ಮನೆಯವ್ಳು ಓಗಿ ನಾಕು ವರ್ಸ ಆಯ್ತು. ಒಬ್ನೇ ಕೂತ್ರೆ ಅನ್ನ ಗಂಟ್ಲಲ್ಲಿ ಇಳೀತಿರ್ನಿಲ್ಲ. ಆ ಮನೇಲಿ ದಿನಾ ಏಳೂವರೆಗೆ ಎಲ್ರೂ ಇತ್ಲು ಜಗ್ಲೀಲಿ ಕೂರೋರು. ಮಗ ಅಜ್ಜಿಗೆ ಮುದ್ದೆ ಮುರ್ದು ಕೊಡೋನು. ಅವ್ರು ಕೂತ್ಗಳೋ ಒತ್ಗೆ ನಾನೂ ತಟ್ಟೆ ಮಡಿಕ್ಕಂಡು ಕೂರ್ತಿದ್ದೆ. ಅವ್ರು ಎದ್ದಾಗ ಏಳ್ತಿದ್ದೆ. ಅಷ್ಟೆ."

ಕೇಳಿದರೆ ಅಯ್ಯೋ ಅನ್ನಿಸುವ ಮಾತು. ಅನ್ನಿಸಿತು ಕೂಡ. ಆದರೆ ಆ ಜಗಲಿಯವರು ಅವನನ್ನು ಊಟಕ್ಕೆ ಕರೆದಿರಲಿಲ್ಲ. ಅವರು ತಮ್ಮ ಮುದುಕಿಯನ್ನು ಕಾಯಲು ಹಾಕಿಸಿದ ಕಣ್ಣನ್ನು ಇವನು ತನ್ನದು ಮಾಡಿಕೊಂಡಿದ್ದ.

"ಗುರುವಾರ?"

"ಕರುದ್ರು. ನಿಂದೇ ಎಸ್ರು ಅದೆ ಇದ್ರಲ್ಲಿ, ಎಲ್ಲಾರ ಮನೆಗೂ ಏಳ್ತೀನಿ, ಪೊಲೀಸ್ಗೆ ಏಳ್ತೀನಿ ಅಂದ್ರು. ಪೋನ್ ತಗುದ್ರು. ಕಿತ್ಕಳಕೋದೆ. ಇಂದ್ಕೆ ಬಿದ್ರು."

"ಉಸಿರಿತ್ತಾ?"

"ಇತ್ತು," ಎಂದ.

"ಆಮೇಲೆ?"

"ಏಣಿ ತಂದೆ."

"ಡಬ್ಬಿ ಬಿಚ್ಚಿ, ಪಿನ್ ಎಳೆದು, ಕಾರ್ಡ್ ತೆಗೆದೆ. ಅದು ಗೊತ್ತಾಯ್ತು. ನಾಲ್ಕು ಸ್ಕ್ರೂ ಮತ್ತೆ ಯಾಕೆ ಬಿಗಿದೆ? ಅವಳು ಅಲ್ಲಿ ಉಸಿರಾಡ್ತಾ ಬಿದ್ದಿರುವಾಗ?"

ಅವನು ಶಶಿರೇಖಾ ಅವರನ್ನು ನೋಡಿದ. ಪ್ರಶ್ನೆಯೇ ಅರ್ಥವಾಗದವನ ಮುಖ.

"ಬಿಚ್ಚಿದ್ಮ್ಯಾಲೆ ಮುಚ್ದೆ ಎಂಗೆ ಬುಡದು ಮೇಡಂ? ಮಳೆ ಬಂದ್ರೆ ನೀರೋಯ್ತದಲ್ಲ."

ಬರೆದುಕೊಳ್ಳುತ್ತಿದ್ದ ಬೋರಯ್ಯ ಪೆನ್ನು ಕೆಳಗಿಟ್ಟು ಹೊರಗೆ ಹೋದರು. ಉಳಿದದ್ದನ್ನು ಪರಸಪ್ಪ ಬರೆದ. ಮಹದೇವುವಿನ ಒಂದೊಂದು ಮಾತನ್ನೂ ಎರಡೆರಡು ಸಲ ಕೇಳಿ ಬರೆದ.

6.20ಕ್ಕೆ ಮುಚ್ಚಳಿಕೆ ಬರೆಸಿಕೊಂಡು ಶಿವರಾಜುವನ್ನು ಬಿಟ್ಟರು. ಉಳಿದ ಹನ್ನೊಂದು ಮನೆಗಳಿಗೆ ವಿಷಯ ತಿಳಿಸುವ ಕೆಲಸ ಬೋರಯ್ಯನವರ ಪಾಲಿಗೆ ಬಂತು. ಅದಕ್ಕೆ ಎರಡು ದಿನ ಹಿಡಿಯಿತು. ಎಲ್ಲ ಮನೆಯಲ್ಲೂ ಹೆಂಗಸರು ಮೊದಲು ಗೋಡೆ ನೋಡಿದರು, ಆಮೇಲೆ ಮೈಮೇಲಿನ ಸೆರಗು ನೋಡಿಕೊಂಡರು.

ಮಾರ್ಚ್ 19, ಬುಧವಾರ. ಮರಿತಾಯಮ್ಮನ ಮರುಹೇಳಿಕೆ ಪಡೆಯಲು ಶಶಿರೇಖಾ ಕೊಪ್ಪಕ್ಕೆ ಬಂದಾಗ ಸಂಜೆ ಏಳೂವರೆಯಾಗಿತ್ತು. ಮಣ್ಣು ಮಾಡಿದ ದಿನದಿಂದ ಮರಿತಾಯಮ್ಮ ಇಲ್ಲೇ ಉಳಿದಿದ್ದರು. ಹಿತ್ತಿಲ ಜಗಲಿಯಲ್ಲಿ ಶಿವರಾಜು, ತೇಜು, ಚಿಕ್ಕನಂಜಮ್ಮ ಊಟಕ್ಕೆ ಕೂತಿದ್ದರು. ಮೇಲೆ ಗೋಡೆಯಲ್ಲಿ ಡಬ್ಬಿ ಇದ್ದ ಜಾಗ ಬೆಳ್ಳಗೆ ಚೌಕವಾಗಿ ಕಾಣುತ್ತಿತ್ತು.

ಅಳಿಯನನ್ನು ಕೊಲೆಗಾರ ಎಂದು ಬರೆಸಿದ ಹೆಂಗಸು ಅವನಿಗೇ ಮೊದಲು ಬಡಿಸಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಶಿವರಾಜು ಮುದ್ದೆ ಮುರಿದು ತಾಯಿಯ ಬಾಯಿಗೆ ಹಿಡಿದ. ಚಿಕ್ಕನಂಜಮ್ಮ ಬಾಯಿ ತೆರೆಯಲಿಲ್ಲ. ತಟ್ಟೆಗಳನ್ನು ಬೆರಳಿನಲ್ಲಿ ಎಣಿಸಿದರು.

"ಮಂಜಿ ತಟ್ಟೆ ಎಲ್ಲಿ? ಮಡಗ್ಲಾ ಸಿವ. ಒಗುದ್ಬುಟ್ಟು ಬತ್ತಾಳೆ."

ತೇಜು ಎದ್ದು ಅಡುಗೆಮನೆಗೆ ಹೋಗಿ ಒಂದು ತಟ್ಟೆ ತಂದು ಅಪ್ಪನ ಪಕ್ಕ ಇಟ್ಟಳು. ಮರಿತಾಯಮ್ಮ ಆ ತಟ್ಟೆಗೂ ಒಂದು ಮುದ್ದೆ ಇಟ್ಟರು. ಮುದುಕಿ ಬಾಯಿ ತೆರೆದರು.

ಶಶಿರೇಖಾ ಹೇಳಿಕೆಯ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ನಾಳೆ ಬರುತ್ತೇನೆಂದು ಹೇಳಿ, ಹಿಂದಿನ ಗೇಟಿಗೆ ಚಿಲಕ ಹಾಕಿದೆಯೇ ನೋಡಿ ಹೊರಟರು.